ಎಲ್ಲಿ, ಎಲ್ಲಿಗೆ, ಎಲ್ಲಿಂದ

ಜರ್ಮನ್ ಕಲಿಕೆಯ ಮೊದಲ ಮೆಟ್ಟಿಲಿಗೆ ಎ1 ಎಂದು ಹೆಸರು. ಜರ್ಮನಿಯಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಹೊರಟವರು ವೀಸಾಕ್ಕಾಗಿ ಸಾಮಾನ್ಯವಾಗಿ ಬರೆಯುವುದು ಈ ಪರೀಕ್ಷೆಯನ್ನೇ. ಗೋಥೆ ಇನ್‌ಸ್ಟಿಟ್ಯೂಟ್ (ಬೆಂಗಳೂರಿನವರ ಬಾಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ) ನಡೆಸುವ ಈ ಪರೀಕ್ಷೆಯಲ್ಲಿ ಮಾತಿನ ಸರದಿ ಬಂದಾಗ ಏಳು ಪದಗಳ ಒಂದು ಕಾರ್ಡ್ ಮುಂದಿಡುತ್ತಾರೆ. ಹೆಸರು, ವಯಸ್ಸು, ದೇಶ, ವಾಸಸ್ಥಳ, ಭಾಷೆ, ಉದ್ಯೋಗ, ಹವ್ಯಾಸ. ಒಂದೊಂದಕ್ಕೂ ಒಂದೊಂದು ವಾಕ್ಯ ಹೇಳಿ ಪರಿಚಯ ಮಾಡಿಕೊಳ್ಳಬೇಕು. ನಾಲ್ಕನೆಯ ಪದಕ್ಕೆ ಬಂದಾಗ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ: ಇಷ್ ವೋನೆ ಇನ್ ಬೆಂಗಳೂರು. ನಾನು ಬೆಂಗಳೂರಿನಲ್ಲಿ ವಾಸಿಸುತ್ತೇನೆ.

ಈ ವಾಕ್ಯ ಇಷ್ಟು ಸುಲಭವಾಗಿರುವುದರಲ್ಲಿ ಒಂದು ಮೋಸವಿದೆ. ಜರ್ಮನ್‌ನಲ್ಲಿ ಊರಿನ ಹೆಸರುಗಳೆಲ್ಲ ನಪುಂಸಕ ಲಿಂಗ, ಅವುಗಳ ಹಿಂದೆ ಡೇರ್, ದೀ, ದಾಸ್ ಎಂಬ ಉಪಪದಗಳು ಬರುವುದಿಲ್ಲ. ಆ ಭಾಷೆಯಲ್ಲಿ ವಿಭಕ್ತಿ ಬಹುಮಟ್ಟಿಗೆ ನಾಮಪದದ ಬಾಲದಲ್ಲಿರುವುದಿಲ್ಲ, ಉಪಪದದ ಮೈಮೇಲಿರುತ್ತದೆ. ಉಪಪದವೇ ಇಲ್ಲದಿದ್ದರೆ ವ್ಯಾಕರಣವೂ ಕಣ್ಣಿಗೆ ಬೀಳುವುದಿಲ್ಲ. 'ಬೆಂಗಳೂರಿನಲ್ಲಿ ಎಲ್ಲಿ?' ಎಂದು ಪರೀಕ್ಷಕರು ಮರುಪ್ರಶ್ನೆ ಹಾಕಿದರೆ ಕಥೆ ಬೇರೆ. ಸ್ಟೇಷನ್ ರಸ್ತೆಯಲ್ಲಿ ಎನ್ನಲು 'ಇನ್ ಡೇರ್ ಬಾನ್‌ಹೋಫ್‌ಶ್ಟ್ರಾಸೆ'. ಮಾರುಕಟ್ಟೆ ಚೌಕದ ಬಳಿ ಎನ್ನಲು 'ಆಮ್ ಮಾರ್ಕ್ಟ್‌ಪ್ಲಾಟ್ಸ್'. ಮೂರನೆಯ ಮಹಡಿಯಲ್ಲಿ ಎನ್ನಲು 'ಇಮ್ ದ್ರಿಟನ್ ಶ್ಟಾಕ್'. ಹಳ್ಳಿಗಾಡಿನಲ್ಲಿ ಎನ್ನಲು 'ಔಫ್ ಡೆಮ್ ಲಾಂಟ್'. ನಾವು 'ಅಲ್ಲಿ' ಎಂಬ ಒಂದೇ ಪ್ರತ್ಯಯದಲ್ಲಿ ಮುಗಿಸಿದ ಕೆಲಸಕ್ಕೆ ಅಲ್ಲಿ ಇನ್, ಆನ್, ಔಫ್ ಎಂಬ ಮೂರು ಪದಗಳು, ಅವಕ್ಕೆ ಅಂಟಿಕೊಂಡು ಬೇರೆ ಬೇರೆ ಉಪಪದಗಳು. (ಮಹಡಿಯ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಅವರ ಲೆಕ್ಕವೂ ನಮ್ಮ ಹಾಗೆಯೇ ನೆಲಮಹಡಿ ಬಿಟ್ಟು ಅದರ ಮೇಲಿನದರಿಂದ ಶುರು. ಎಡವುವವರು ಅಮೆರಿಕನ್ನರು.)

ಈ ಮೂರು ಪದಗಳ ಹಂಚಿಕೆ ಮನಸ್ಸಿಗೆ ಬಂದಂತೆ ಆದದ್ದಲ್ಲ. ಒಳಗೆ ಸೇರಿಸಿಕೊಳ್ಳುವುದಕ್ಕೆ ಇನ್. ಮೇಲ್ಮೈಯ ಮೇಲೆ ಹೊತ್ತುಕೊಳ್ಳುವುದಕ್ಕೆ ಔಫ್. ಅಂಚಿಗೆ, ಮಗ್ಗುಲಿಗೆ ತಾಗಿ ನಿಲ್ಲುವುದಕ್ಕೆ ಆನ್. ಮೇಜಿನ ಮೇಲಿನ ಪುಸ್ತಕಕ್ಕೆ ಔಫ್, ಗೋಡೆಯ ಮೇಲಿನ ಚಿತ್ರಕ್ಕೆ ಆನ್. ಕನ್ನಡ ಎರಡಕ್ಕೂ 'ಮೇಲೆ' ಎಂದು ಸುಮ್ಮನಾಗುತ್ತದೆ. ಜರ್ಮನ್ ಕಿವಿಗೆ ಮಲಗಿದ ಮೈಯೂ ನಿಂತ ಮೈಯೂ ಬೇರೆ. ನದಿಯೂ ಹೀಗೆಯೇ ಒಂದು ಅಂಚು, ಆದ್ದರಿಂದ ಊರುಗಳು ನದಿಯ 'ಆನ್' ಇರುತ್ತವೆ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಎಂಬ ಊರು ಎರಡಿವೆ: ವಿಮಾನ ನಿಲ್ದಾಣದ ಕಾರಣ ನಮಗೆಲ್ಲ ಗೊತ್ತಿರುವ ಫ್ರಾಂಕ್‌ಫರ್ಟ್ ಆಮ್ ಮೈನ್, ಪೋಲೆಂಡ್ ಗಡಿಯಲ್ಲಿರುವ ಫ್ರಾಂಕ್‌ಫರ್ಟ್ ಆನ್ ಡೇರ್ ಓಡರ್. ಮೈನ್ ನದಿ ಪುಲ್ಲಿಂಗ, ಓಡರ್ ಸ್ತ್ರೀಲಿಂಗ. ನದಿಗಳೆಲ್ಲ ಹೆಣ್ಣೇ ಎಂದು ನಂಬಿ ಬೆಳೆದವರಿಗೆ ಇದು ಸ್ವಲ್ಪ ಕಸಿವಿಸಿ.

ರಸ್ತೆಯ ವಿಷಯದಲ್ಲಿ ಎಚ್ಚರ ಬೇಕು. ಜರ್ಮನ್ನರಿಗೆ ಮನೆಗಳ ಸಾಲಿನ ನಡುವಿನ ರಸ್ತೆ ಒಂದು ಒಳಾವರಣ. ಅದಕ್ಕೇ 'ಇನ್ ಡೇರ್ ಶ್ಟ್ರಾಸೆ'. ಅದನ್ನು 'ಔಫ್ ಡೇರ್ ಶ್ಟ್ರಾಸೆ' ಎಂದು ಬದಲಿಸಿದರೆ ಡಾಂಬರಿನ ಮೇಲೆ ಬದುಕುತ್ತಿದ್ದೇನೆ, ನನಗೆ ಮನೆಯಿಲ್ಲ ಎಂದಾಗುತ್ತದೆ. ಹಾಗೆಂದು ಇದನ್ನು ಶಿಲಾಶಾಸನ ಎಂದುಕೊಳ್ಳಬೇಡಿ. ಕಲೋನ್ ಸೀಮೆಯ ಆಡುಮಾತಿನಲ್ಲಿ ರಸ್ತೆಯ ಹೆಸರಿಗೂ ಔಫ್ ಹಚ್ಚುವವರಿದ್ದಾರೆ, ಅವರಿಗೆಲ್ಲ ಒಳ್ಳೆಯ ಮನೆಗಳೇ ಇವೆ. ದ್ವೀಪಗಳದ್ದು ಇನ್ನೊಂದು ಬಗೆ. ಜ಼್ಯೂಲ್ಟ್, ಮಯೋರ್ಕಾದಂಥ ದ್ವೀಪಗಳಲ್ಲಿ ಇರುವವರು ಅವುಗಳ 'ಔಫ್' ಇರುತ್ತಾರೆ. ಜಪಾನ್, ಐರ್ಲೆಂಡ್‌ಗಳೂ ದ್ವೀಪಗಳೇ ಆದರೂ ಅಲ್ಲಿರುವವರು 'ಇನ್'. ರಾಜ್ಯವಾಗಿ ಕಂಡರೆ ಪಾತ್ರೆ, ನೀರಿನ ನಡುವಿನ ನೆಲವಾಗಿ ಕಂಡರೆ ಹಲಗೆ. ಮಾಲ್ಟಾ ಎರಡೂ ಆದ್ದರಿಂದ ಅದಕ್ಕೆ ಎರಡೂ ನಡೆಯುತ್ತವೆ.

ನೆದರ್ಲೆಂಡ್ಸಿನ ನೈಮೇಖನ್ ಪಟ್ಟಣದಲ್ಲಿ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯಿದೆ. ಅಲ್ಲಿದ್ದ ಮೆಲಿಸಾ ಬವರ್‌ಮನ್ ಮತ್ತು ಎರಿಕ್ ಪೆಡರ್ಸನ್ 1990ರ ದಶಕದ ಆರಂಭದಲ್ಲಿ 71 ಸರಳ ಚಿತ್ರಗಳ ಕಟ್ಟೊಂದನ್ನು ತಯಾರಿಸಿದರು. ಮೇಜಿನ ಮೇಲೆ ಬಟ್ಟಲು, ಬೋಗುಣಿಯಲ್ಲಿ ಹಣ್ಣು, ಬೆರಳಿನಲ್ಲಿ ಉಂಗುರ, ಲಕೋಟೆಯ ಮೇಲೆ ಅಂಚೆಚೀಟಿ, ಹೀಗೆ. ಲೋಕದ ನಾನಾ ಭಾಷೆಗಳವರಿಗೆ ಅದನ್ನು ತೋರಿಸಿ 'ಇದು ಎಲ್ಲಿದೆ?' ಎಂದು ಕೇಳುತ್ತ ಹೋದರು. ಚಿತ್ರಗಳು ಎಲ್ಲರಿಗೂ ಅವೇ, ಕಣ್ಣುಗಳೂ ಒಂದೇ ಬಗೆಯವು. ಆದರೆ ಯಾವ ಚಿತ್ರಗಳನ್ನು ಒಂದು ಗುಂಪಿಗೆ ಸೇರಿಸಿ ಒಂದೇ ಪದ ಬಳಸಬೇಕು ಎಂಬುದು ಭಾಷೆಯಿಂದ ಭಾಷೆಗೆ ಬದಲಾಯಿತು. ಸೂನ್‌ಜಾ ಚೋಯ್ ಜೊತೆ ಬವರ್‌ಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಕೊರಿಯನ್ ಭಾಷೆ ಒಳಗೆ, ಮೇಲೆ ಎಂಬ ಭೇದಕ್ಕಿಂತ ಬಿಗಿಯಾಗಿ ಕೂರುವುದೇ, ಸಡಿಲವಾಗಿ ಇರುವುದೇ ಎಂಬುದನ್ನು ಹೆಚ್ಚು ಗಮನಿಸುತ್ತದೆ. ಬೆರಳಿಗೆ ಉಂಗುರ ತೊಡಿಸುವುದಕ್ಕೂ ಡಬ್ಬಿಯಲ್ಲಿ ಕ್ಯಾಸೆಟ್ ಕೂರಿಸುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ. ಎರಡು ವರ್ಷ ತುಂಬದ ಕೊರಿಯನ್ ಮಕ್ಕಳು ಕೊರಿಯನ್ ರೀತಿಯಲ್ಲಿ, ಇಂಗ್ಲಿಷ್ ಮಕ್ಕಳು ಇಂಗ್ಲಿಷ್ ರೀತಿಯಲ್ಲಿ ಆಗಲೇ ಲೋಕವನ್ನು ವಿಂಗಡಿಸುತ್ತಿದ್ದವು. ಅಂದರೆ ಎ1 ತರಗತಿಯಲ್ಲಿ ಕೂತ ಮೂವತ್ತರ ಕನ್ನಡಿಗ ಬಿಡಿಸಬೇಕಾಗಿರುವುದು ಹಾಲುಹಲ್ಲಿನ ಕಾಲದಲ್ಲಿ ಬಿದ್ದ ಗಂಟನ್ನು.

ಪೆಡರ್ಸನ್ ತಮಿಳುನಾಡಿಗೂ ಬಂದಿದ್ದರು. ಕೈಗೆಟುಕುವ ವಸ್ತುಗಳ ಜಾಗವನ್ನೂ ಹಳ್ಳಿಯ ತಮಿಳರು ಉತ್ತರ ದಕ್ಷಿಣಗಳಲ್ಲಿ ಹೇಳುತ್ತಿದ್ದರು, ಪೇಟೆಯವರು ಎಡ ಬಲಗಳಲ್ಲಿ. ನಮ್ಮ ಕರಾವಳಿಯವರಿಗೆ ಇದರಲ್ಲಿ ಬೆರಗಿಲ್ಲ. ಮೂಡುಮನೆ, ಪಡುಮನೆಗಳಿರುವ, ಯಕ್ಷಗಾನವನ್ನೇ ತೆಂಕು ಬಡಗು ಎಂದು ಭಾಗ ಮಾಡಿರುವ ನಾಡು ಅದು. ಅಲ್ಲಿಯವರು ನಮ್ಮನ್ನು 'ಘಟ್ಟದ ಮೇಲಿನವರು' ಎನ್ನುವುದು ನೆಲವನ್ನೇ ನೋಡಿ. ಜರ್ಮನ್ನರ ಮೇಲು ಕೆಳಗು ಮಾತ್ರ ನಕಾಶೆಯಿಂದ ಬಂದದ್ದು. ಸಮುದ್ರಮಟ್ಟದಲ್ಲಿರುವ ಉತ್ತರದ ತೀರ ಅವರಿಗೆ 'ಮೇಲೆ', ಆಲ್ಪ್ಸ್ ಪರ್ವತ ಇರುವ ಬವೇರಿಯಾ 'ಕೆಳಗೆ'.

ಇಷ್ಟೆಲ್ಲ ಪೀಠಿಕೆ. ಕಲಿಯುವವರು ನಿಜವಾಗಿ ಕಂಗೆಡುವುದು ವಿಭಕ್ತಿಯ ಮುಂದೆ, ಈ ಅಧ್ಯಾಯದಲ್ಲಿ ನನಗೆ ಹೇಳಬೇಕಾಗಿರುವ ಮಾತೂ ಅಲ್ಲೇ ಇದೆ.

ಇನ್, ಆನ್, ಔಫ್ ಸೇರಿದಂತೆ ಜರ್ಮನ್‌ನಲ್ಲಿ ಒಂಬತ್ತು ಪದಗಳಿಗೆ ಎರಡು ಮುಖ. ಇರುವ ಜಾಗ ಹೇಳುವಾಗ ಮುಂದಿನ ನಾಮಪದ ಡೇಟಿವ್ ವಿಭಕ್ತಿಯಲ್ಲಿ, ಹೋಗಿ ಸೇರುವ ಜಾಗ ಹೇಳುವಾಗ ಅಕ್ಯೂಸೆಟಿವ್ ವಿಭಕ್ತಿಯಲ್ಲಿ ನಿಲ್ಲಬೇಕು. ನಗರದಲ್ಲಿ ವಾಸಿಸುತ್ತೇನೆ ಎನ್ನಲು 'ಇನ್ ಡೇರ್ ಶ್ಟಾಟ್', ನಗರಕ್ಕೆ ಮನೆ ಬದಲಾಯಿಸುತ್ತೇನೆ ಎನ್ನಲು 'ಇನ್ ದೀ ಶ್ಟಾಟ್'. ತರಗತಿಯಲ್ಲಿ ಇದನ್ನು ಬಣ್ಣಬಣ್ಣದ ಕೋಷ್ಟಕವಾಗಿ ಬಾಯಿಪಾಠ ಮಾಡಿಸುತ್ತಾರೆ. 'ಚಲನೆ ಇದ್ದರೆ ಅಕ್ಯೂಸೆಟಿವ್, ಇಲ್ಲದಿದ್ದರೆ ಡೇಟಿವ್' ಎಂಬ ಸೂತ್ರವೊಂದು ಜೊತೆಗೆ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಇಂಗ್ಲಿಷಿಗೆ ಈ ಭೇದ ಮಾಸಿಹೋಗಿ ಬಹುಕಾಲವಾಯಿತು. ಆದ್ದರಿಂದ ಇದೇನೋ ಜರ್ಮನ್ನರ ಹಟ, ಇಲ್ಲದ ತೊಡಕು ಎಂಬಂತೆ ತೋರುತ್ತದೆ.

ಕನ್ನಡದಲ್ಲಿ ಇದೇ ಪ್ರಶ್ನೆ ಕೇಳಿ ನೋಡೋಣ. ಎಲ್ಲಿ ಇದ್ದೀರಿ? ಎಲ್ಲಿಗೆ ಹೊರಟಿರಿ? ಎಲ್ಲಿಂದ ಬಂದಿರಿ? ಜರ್ಮನ್‌ನಲ್ಲಿ ಇವಕ್ಕೆ ಒಂದೊಂದಾಗಿ ವೋ, ವೋಹಿನ್, ವೋಹೇರ್. ಇಂಗ್ಲಿಷ್ ಮೂರಕ್ಕೂ 'ವೇರ್' ಎಂಬ ಒಂದೇ ಪದವನ್ನು ಮುಂದಿಟ್ಟು ಉಳಿದದ್ದನ್ನು ಊಹೆಗೋ ಬಾಲಕ್ಕೆ ಸಿಕ್ಕಿಸಿದ ಇನ್ನೊಂದು ಪದಕ್ಕೋ ಬಿಡುತ್ತದೆ. ಡೇಟಿವ್, ಅಕ್ಯೂಸೆಟಿವ್ ಎಂದು ಭಯಪಡಿಸುವ ವ್ಯವಸ್ಥೆಯ ಅರ್ಧ ಭಾಗ 'ಅಲ್ಲಿ' ಮತ್ತು 'ಗೆ' ಎಂಬ ರೂಪದಲ್ಲಿ ಕನ್ನಡಿಗನ ನಾಲಿಗೆಯ ಮೇಲೆ ಮೊದಲೇ ಇದೆ. ಚಲನೆಯ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಕನ್ನಡವೇ ತೋರಿಸಿಕೊಡುತ್ತದೆ. ಬೆಳಿಗ್ಗೆ ಪಾರ್ಕಿನಲ್ಲಿ ಓಡುತ್ತೀರಿ. ಓಟವೆಂದರೆ ಚಲನೆಯೇ, ಸೂತ್ರದ ಪ್ರಕಾರ ಅಕ್ಯೂಸೆಟಿವ್ ಬರಬೇಕು. ಜರ್ಮನ್ನರು ಹೇಳುವುದು 'ಇಮ್ ಪಾರ್ಕ್', ಶುದ್ಧ ಡೇಟಿವ್. ಏಕೆಂದರೆ ಓಡಿದ್ದೆಲ್ಲ ಪಾರ್ಕಿನ ಬೇಲಿಯೊಳಗೇ. ಮನೆಯಿಂದ ಪಾರ್ಕಿಗೆ ಓಡಿದರೆ, ಅಂದರೆ ಹೊರಗಿದ್ದವರು ಗಡಿ ದಾಟಿ ಒಳಗಾದರೆ, ಆಗ 'ಇನ್ ಡೇನ್ ಪಾರ್ಕ್'. ಪಾರ್ಕಿನಲ್ಲಿ, ಪಾರ್ಕಿಗೆ: ಕನ್ನಡ ಮಾತಾಡುವ ಯಾವ ಮಗುವೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ.

ಇಲ್ಲೊಂದು ಹೊಂಡವಿದೆ. ವ್ಯಾಕರಣ ಓದಿದವರು ಡೇಟಿವ್ ಎಂದರೆ ಚತುರ್ಥಿ, ಚತುರ್ಥಿ ಎಂದರೆ 'ಗೆ' ಎಂದು ಹೊಂದಿಸಿಕೊಳ್ಳುತ್ತಾರೆ. ಹಾಗೆ ಹೊಂದಿಸಿದರೆ ನಗರಕ್ಕೆ ಹೋಗುವಾಗ ಡೇಟಿವ್ ಹಾಕಬೇಕಾಗುತ್ತದೆ, ಅದು ನೇರ ತಪ್ಪು. ಜರ್ಮನ್‌ನ ಡೇಟಿವ್ ಸ್ಥಳವಾಚಿಯಾದದ್ದು ಹೇಗೆಂದು ತಿಳಿಯಲು ಶಾಲೆಯಲ್ಲಿ ಕಲಿತ ಸಂಸ್ಕೃತ ನೆನಪಿದ್ದರೆ ಸಾಕು. ರಾಮನು ಕಾಡಿಗೆ ಹೋದರೆ 'ವನಂ ಗಚ್ಛತಿ', ದ್ವಿತೀಯಾ. ಕಾಡಿನಲ್ಲಿದ್ದರೆ 'ವನೇ ವಸತಿ', ಸಪ್ತಮೀ. ಜರ್ಮನ್ ರಾಮನೂ ಕಾಡಿಗೆ ಹೋಗುವಾಗ ದ್ವಿತೀಯೆಯಲ್ಲೇ ಹೋಗುತ್ತಾನೆ, 'ಇನ್ ಡೇನ್ ವಾಲ್ಟ್'. ಸಂಸ್ಕೃತ, ಜರ್ಮನ್ ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಆ ಮೂಲಭಾಷೆಗೆ ಪ್ರತ್ಯೇಕ ಸಪ್ತಮಿ ಇತ್ತು. ಸಂಸ್ಕೃತ ಅದನ್ನು ಉಳಿಸಿಕೊಂಡಿತು. ಜರ್ಮನ್‌ನ ಪೂರ್ವಿಕ ಭಾಷೆಗಳಲ್ಲಿ ಪದಾಂತ್ಯಗಳು ಸವೆಯುತ್ತ ಬಂದು ವಿಭಕ್ತಿಗಳು ಒಂದರೊಳಗೊಂದು ಬೆರೆತವು. ಈಗ ಉಳಿದಿರುವುದು ನಾಲ್ಕು. ಸಪ್ತಮಿ ಹೋಗಿ ಸೇರಿದ್ದು ಚತುರ್ಥಿಯನ್ನು. ಆದ್ದರಿಂದ ಇಂದಿನ ಡೇಟಿವ್ 'ಅವನಿಗೆ ಕೊಟ್ಟೆ' ಎನ್ನುವಾಗಲೂ ದುಡಿಯುತ್ತದೆ, 'ಕಾಡಿನಲ್ಲಿದ್ದೇನೆ' ಎನ್ನುವಾಗಲೂ ದುಡಿಯುತ್ತದೆ. ಹಾಗಾಗಿ ವಿಭಕ್ತಿಯ ಹೆಸರು ಹಿಡಿದು ಹೋಗುವುದಕ್ಕಿಂತ 'ಎಲ್ಲಿ, ಎಲ್ಲಿಗೆ' ಎಂಬ ಪ್ರಶ್ನೆ ಹಿಡಿದು ಹೋಗುವುದು ಕ್ಷೇಮ.

ಇಷ್ಟು ಹತ್ತಿರದ ಆಸರೆ ಇರುವಾಗ ಕನ್ನಡಿಗರು ಅದನ್ನೇಕೆ ಹಿಡಿಯುವುದಿಲ್ಲ? ಮೂರನೆಯ ಭಾಷೆ ಕಲಿಯುವಾಗ ಮಿದುಳು ಸಾಮಗ್ರಿಯನ್ನು ಎಲ್ಲಿಂದ ತರುತ್ತದೆ ಎಂಬ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಸಾರಾ ವಿಲಿಯಮ್ಸ್ ಮತ್ತು ಬ್ಯೋರ್ನ್ ಹಮ್ಮರ್‌ಬರಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯೋಗಕ್ಕೆ ಒಳಪಟ್ಟವರು ಸ್ವತಃ ವಿಲಿಯಮ್ಸ್. ಮಾತೃಭಾಷೆ ಇಂಗ್ಲಿಷ್, ಮೊದಲೇ ಚೆನ್ನಾಗಿ ಕಲಿತಿದ್ದುದು ಜರ್ಮನ್, ಈಗ ಸ್ವೀಡನ್ನಿನಲ್ಲಿ ಸ್ವೀಡಿಷ್ ಕಲಿಯುತ್ತಿದ್ದರು. ಸ್ವೀಡಿಷ್ ಪದ ಸಿಗದೆ ಹೊಸದೊಂದನ್ನು ಕಟ್ಟಬೇಕಾದಾಗ ಅವರಿಗೆ ಒದಗುತ್ತಿದ್ದುದು ಬಹುತೇಕ ಜರ್ಮನ್. ಪರಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂದ ಕೂಡಲೇ ಮಿದುಳು ಮಾತೃಭಾಷೆಯನ್ನು ಬದಿಗೆ ಸರಿಸಿ, ಹಿಂದೆ ಕಲಿತ ಪರಭಾಷೆಯ ಕಡೆ ಕೈಚಾಚುತ್ತದೆ. ಕಾಮಿಲ್ಲಾ ಬಾರ್ಡೆಲ್ ಮತ್ತು ಯಲ್ವಾ ಫಾಲ್ಕ್ 2007ರಲ್ಲಿ ಇದೇ ಒಲವನ್ನು ವಾಕ್ಯರಚನೆಯಲ್ಲೂ ಕಂಡರು. ಜೇಸನ್ ರಾತ್‌ಮನ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಲಿತ ಕ್ರಮಕ್ಕಿಂತ ಹೋಲಿಕೆ ಮುಖ್ಯ, ಹೊಸ ಭಾಷೆಗೆ ಯಾವುದು ಹತ್ತಿರವೆಂದು ಮಿದುಳಿಗೆ ತೋರುತ್ತದೋ ಅದರಿಂದಲೇ ಎರವಲು ಎಂದು ಅವರ ವಾದ. ಕನ್ನಡಿಗನ ಪಾಲಿಗೆ ಈ ಜಗಳದಿಂದ ಏನೂ ವ್ಯತ್ಯಾಸವಾಗದು. ಎರಡನೆಯ ಭಾಷೆ ಇಂಗ್ಲಿಷ್, ಜರ್ಮನ್‌ಗೆ ಹತ್ತಿರದ ನೆಂಟ ಎಂದು ತೋರುವುದೂ ಇಂಗ್ಲಿಷ್. ಎರಡು ವಾದಗಳೂ ಅವನನ್ನು ಅದೇ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಪದಗಳ ಮಟ್ಟಿಗೆ ಅದು ಒಳ್ಳೆಯ ಬಾಗಿಲೇ: ಹೌಸ್‌ಗೆ ಹೌಸ್, ಗಾರ್ಡನ್‌ಗೆ ಗಾರ್ಟನ್. ಎಲ್ಲಿ ವಾಸ ಎಂದು ಹೇಳುವ ಹೊತ್ತಿಗೆ ಮಾತ್ರ ಅದು ತಪ್ಪು ಬಾಗಿಲು.

ಈ ಸುತ್ತುದಾರಿ ಇಂದಿನದೇನಲ್ಲ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಜರ್ಮನಿಯ ಉತ್ತರ ತೀರದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, 1903ರಲ್ಲಿ ತೀರಿಕೊಂಡದ್ದು ದಕ್ಷಿಣದ ಟ್ಯೂಬಿಂಗನ್ನಿನಲ್ಲಿ. ನಡುವಿನ ಬದುಕಿನ ಬಹುಪಾಲು ಕನ್ನಡಕ್ಕೆ ಸಂದಿತು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಅವರ ಮಹಾನಿಘಂಟು ಕನ್ನಡ-ಇಂಗ್ಲಿಷ್ ನಿಘಂಟು. ಜರ್ಮನ್ನನೊಬ್ಬ ಕನ್ನಡವನ್ನು ಅಷ್ಟು ಆಳವಾಗಿ ಅರಿತರೂ ಎರಡು ಭಾಷೆಗಳ ನಡುವಿನ ಸೇತುವೆಗೆ ಇಂಗ್ಲಿಷಿನ ಕಲ್ಲನ್ನೇ ಹಾಕಬೇಕಾಯಿತು. ಅಂದಿನ ಆಳ್ವಿಕೆಯಲ್ಲಿ ಅದು ಸಹಜ. ಇಂದಿಗೂ ನಾವು ಅದೇ ಸೇತುವೆ ದಾಟುತ್ತಿದ್ದೇವೆ ಎಂಬುದು ನನಗೆ ಅಷ್ಟು ಸಹಜವಾಗಿ ಕಾಣುವುದಿಲ್ಲ. 'ಎಲ್ಲಿ, ಎಲ್ಲಿಗೆ, ಎಲ್ಲಿಂದ' ಎಂದು ಹಲಗೆಯ ಮೇಲೆ ಬರೆದು ಶುರುಮಾಡಿದರೆ ಅರ್ಧ ಗಂಟೆಯ ಪಾಠ ಹತ್ತು ನಿಮಿಷಕ್ಕೆ ಇಳಿಯಬಹುದು.

ಕನ್ನಡ ಎಲ್ಲ ಕಡೆಯೂ ಕೈಹಿಡಿಯುತ್ತದೆ ಎಂದರೆ ಅದೂ ಸುಳ್ಳು. 'ಪುಸ್ತಕ ಮೇಜಿನ ಮೇಲಿದೆ', 'ಪುಸ್ತಕವನ್ನು ಮೇಜಿನ ಮೇಲೆ ಇಟ್ಟೆ'. ನಮ್ಮ 'ಮೇಲೆ' ಎರಡರಲ್ಲೂ ಒಂದೇ. ಜರ್ಮನ್ ಮೊದಲನೆಯದಕ್ಕೆ 'ಔಫ್ ಡೆಮ್ ಟಿಷ್' ಎಂದೂ ಎರಡನೆಯದಕ್ಕೆ 'ಔಫ್ ಡೇನ್ ಟಿಷ್' ಎಂದೂ ಬೇರ್ಪಡಿಸುತ್ತದೆ. ಇಟ್ಟಾಗ ಪುಸ್ತಕ ಒಂದು ಗಡಿ ದಾಟಿತಲ್ಲ, ಅದಕ್ಕೆ. ಲಿಂಗದ ವಿಷಯದಲ್ಲಂತೂ ಕನ್ನಡ ಪೂರ್ತಿ ಕೈಚೆಲ್ಲುತ್ತದೆ. ರಸ್ತೆ ಹೆಣ್ಣು, ಮಹಡಿ ಗಂಡು, ಮನೆ ನಪುಂಸಕ ಎಂಬುದಕ್ಕೆ ಅರ್ಥದಲ್ಲಿ ಕಾರಣ ಹುಡುಕುವುದು ವ್ಯರ್ಥ. ಅದೂ ಸಾಲದೆ, ಕರ್ತೃವಾಗಿ ನಿಂತಾಗ ಗಂಡಿನ ಗುರುತಾಗಿದ್ದ 'ಡೇರ್', ಡೇಟಿವ್‌ನಲ್ಲಿ ಹೆಣ್ಣಿನ ಗುರುತಾಗಿ ವೇಷ ಬದಲಿಸುತ್ತದೆ. ದೇಶಗಳಲ್ಲೂ ಕೆಲವು ಈ ಕಾಟಕ್ಕೆ ಸಿಕ್ಕಿವೆ. ಭಾರತ, ಜರ್ಮನಿ, ಫ್ರಾನ್ಸ್‌ಗಳಿಗೆ ಉಪಪದದ ಗೊಡವೆಯಿಲ್ಲ. ಸ್ವಿಟ್ಜರ್ಲೆಂಡ್, ಟರ್ಕಿ ಹೆಣ್ಣು; ನೆದರ್ಲೆಂಡ್ಸ್, ಅಮೆರಿಕ ಬಹುವಚನ. ಬೇಸಲ್ ನಗರದಲ್ಲಿ ಕೆಲಸ ಸಿಕ್ಕವರು 'ಇನ್ ಡೇರ್ ಶ್ವೈಟ್ಸ್' ಎನ್ನಲು ಕಲಿಯದೆ ವಿಧಿಯಿಲ್ಲ. ಜರ್ಮನ್ ಮಕ್ಕಳಿಗೂ ಡೇಟಿವ್ ಕೈವಶವಾಗುವುದು ಬೇರೆ ವಿಭಕ್ತಿಗಳ ನಂತರವೇ ಎಂಬುದು ಹೊಸಬರಿಗೆ ಕೊಂಚ ಸಮಾಧಾನ.

ಬೀದಿ ಹೇಳಿದ ಮೇಲೆ ಮನೆ ನಂಬರು. 21 ಎಂದು ಹೇಳಲು ಜರ್ಮನ್ನರು 'ಐನ್-ಉಂಟ್-ಸ್ವಾನ್ಸಿಷ್' ಎನ್ನುತ್ತಾರೆ, ಒಂದು ಮತ್ತು ಇಪ್ಪತ್ತು. ಸಂಸ್ಕೃತದ ಏಕವಿಂಶತಿ, ಹಿಂದಿಯ ಇಕ್ಕೀಸ್ ಇದೇ ಕ್ರಮದವು. ಇಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಒಂದೇ ಪಕ್ಷ, ಎರಡೂ ಹತ್ತನ್ನು ಮೊದಲು ಹೇಳುತ್ತವೆ. ಕಿವಿಗೆ ಮೊದಲು ಬಿದ್ದ ಅಂಕಿಯನ್ನು ಕೈ ಎಡಗಡೆ ಬರೆದುಬಿಡುತ್ತದೆ, 21 ಹೋಗಿ 12 ಆಗುತ್ತದೆ. ಇದು ಪರದೇಶದವರ ಕಷ್ಟ ಮಾತ್ರವಲ್ಲ. ಯೂಲಿಯಾ ಜ಼ೂಬರ್ ಮತ್ತು ಸಂಗಡಿಗರು ಆಸ್ಟ್ರಿಯಾದ ಒಂದನೆಯ ತರಗತಿಯ ಮಕ್ಕಳಿಗೆ ಸಂಖ್ಯೆಗಳ ಉಕ್ತಲೇಖನ ಕೊಟ್ಟು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪುಗಳಲ್ಲಿ ದೊಡ್ಡ ಪಾಲು ಈ ಅದಲುಬದಲಿನದೇ ಆಗಿತ್ತು. ಬೋಹುಮ್‌ನ ಗಣಿತಜ್ಞ ಲೋಥಾರ್ ಗೆರಿಟ್ಸನ್ ಅಂಕಿಗಳನ್ನು ಬರೆದ ಕ್ರಮದಲ್ಲೇ ಹೇಳೋಣ ಎಂದು ಸಂಘವನ್ನೇ ಕಟ್ಟಿದರು. ದೇಶ ಕದಲಲಿಲ್ಲ. ನಾರ್ವೆ 1951ರಲ್ಲಿ ಇಂಥದೇ ಬದಲಾವಣೆಯನ್ನು ಅಧಿಕೃತವಾಗಿ ಜಾರಿಗೆ ತಂದಿತ್ತು, ಅದಕ್ಕೆ ಮುಖ್ಯ ನೆಪ ಟೆಲಿಫೋನ್ ನಂಬರುಗಳು.

ಮನೆ ನಂಬರು ಅಂಚೆಯವನಿಗಾಗಿ ಹುಟ್ಟಿತು ಎಂದುಕೊಂಡಿದ್ದರೆ ಅದೂ ಸರಿಯಲ್ಲ. ವಿಯೆನ್ನಾದಲ್ಲಿ 1770ರಲ್ಲಿ ಮರಿಯಾ ತೆರೇಸಾ ಆಳ್ವಿಕೆ ಮನೆಗಳಿಗೆ ಸಂಖ್ಯೆ ಬರೆಸಿದ್ದು ಸೈನ್ಯಕ್ಕೆ ಸೇರಿಸಬಲ್ಲ ಗಂಡಸರನ್ನು ಲೆಕ್ಕ ಹಾಕಲು. ಬೀದಿಬೀದಿಗೆ ಪ್ರತ್ಯೇಕ ಸಂಖ್ಯೆ ಅಲ್ಲಿ ಬಂದದ್ದು 1862ರಲ್ಲಿ. ಬರ್ಲಿನ್‌ನ ಹಳೆಯ ಬೀದಿಗಳಲ್ಲಿ ನಂಬರು ಒಂದು ಬದಿಯಲ್ಲಿ ಕೊನೆತನಕ ಹೋಗಿ, ಇನ್ನೊಂದು ಬದಿಯಲ್ಲಿ ಹಿಂತಿರುಗಿ ಬರುತ್ತದೆ. ಹಾಗಾಗಿ 5ರ ಎದುರು ಮನೆ 120 ಆಗಿರಬಹುದು. ಅಲ್ಲಿನ ಕುರ್‌ಫ್ಯೂರ್ಸ್ಟನ್‌ಡಾಮ್ ಎಂಬ ಹೆಸರಾಂತ ಬೀದಿ 11ರಿಂದ ಶುರುವಾಗುತ್ತದೆ. ಮೊದಲ ಹತ್ತು ನಂಬರುಗಳಿದ್ದ ತುಂಡನ್ನು 1925ರಲ್ಲಿ ಬೇರೆ ಹೆಸರಿಟ್ಟು ಬೇರೆ ಮಾಡಿದರು. ಮಾನ್‌ಹೈಮ್ ನಗರದ ನಡುಭಾಗದಲ್ಲಿ ವಿಳಾಸದಲ್ಲಿ ಬೀದಿಯ ಹೆಸರೇ ಬರುವುದಿಲ್ಲ. ಚದುರಂಗದ ಮನೆಗಳಂತೆ ಕತ್ತರಿಸಿದ ಊರು, 'ಸಿ 4, 12' ಎಂದರೆ ಅದೇ ಪೂರ್ತಿ ವಿಳಾಸ.

ಬಾಯಲ್ಲಿ ಹೇಳುವಾಗ ಇಷ್ಟೆಲ್ಲ ಕಾಡುವ ಇನ್, ಆನ್, ಔಫ್ ಬರೆದ ವಿಳಾಸದಲ್ಲಿ ಪತ್ತೆಯಿಲ್ಲ. ಬೀದಿ, ನಂಬರು, ಐದಂಕಿಯ ಪಿನ್, ಊರು, ಮುಗಿಯಿತು. ಐದಂಕಿಯ ಪದ್ಧತಿ ಬಂದದ್ದು 1993ರ ಜುಲೈ 1ರಂದು. ಅದಕ್ಕೆ ಮೊದಲು ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳ ನಾಲ್ಕಂಕಿಯ ಪಿನ್‌ಗಳು ಒಂದರ ಮೇಲೊಂದು ಬೀಳುತ್ತಿದ್ದವು. ದೇಶ ಒಂದಾದ ಮೇಲೆ ಕೆಲಕಾಲ ಅವುಗಳ ಮುಂದೆ ಓ, ಡಬ್ಲ್ಯು ಎಂಬ ದಿಕ್ಕಿನ ಅಕ್ಷರ ಅಂಟಿಸಿ ಸಂಭಾಳಿಸಿದರು. ಜರ್ಮನಿಯಲ್ಲಿ ಮನೆ ಹಿಡಿದವರು ಎರಡು ವಾರದೊಳಗೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ಸಹಿಯ ಪತ್ರವೂ ಜೊತೆಗಿರಬೇಕು. ಅಲ್ಲಿ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಫ್ಲ್ಯಾಟ್ ನಂಬರ್ ಎಲ್ಲಿ? ಬಹುಪಾಲು ಜರ್ಮನ್ ಕಟ್ಟಡಗಳಲ್ಲಿ ಅಂಥದ್ದು ಇರುವುದೇ ಇಲ್ಲ. ಇರುವುದು ಕರೆಗಂಟೆಯ ಪಕ್ಕದ ಹೆಸರು, ಅಂಚೆ ಪೆಟ್ಟಿಗೆಯ ಮೇಲಿನ ಹೆಸರು. ಆಸ್ಟ್ರಿಯಾದಲ್ಲಿ ಹಾಗಲ್ಲ, ಬಾಗಿಲಿಗೂ ಸಂಖ್ಯೆಯುಂಟು. ಆದ್ದರಿಂದಲೇ 2018ರಲ್ಲಿ ಖಾಸಗಿತನದ ಹೊಸ ಕಾನೂನು ಬಂದಾಗ ವಿಯೆನ್ನಾ ನಗರಾಡಳಿತ ತನ್ನ ಸುಮಾರು 2,20,000 ಬಾಡಿಗೆ ಮನೆಗಳ ಕರೆಗಂಟೆಯಿಂದ ಹೆಸರು ತೆಗೆದು ಸಂಖ್ಯೆ ಮಾತ್ರ ಬಿಡುತ್ತೇನೆ ಎನ್ನಲು ಸಾಧ್ಯವಾಯಿತು. ಜರ್ಮನಿಯಲ್ಲಿ ಹಾಗೆ ಮಾಡಿದರೆ ಕಾಗದ ಬಟವಾಡೆಯೇ ನಿಲ್ಲುತ್ತದೆ. ಅಲ್ಲಿ ಬೇರೊಬ್ಬರ ಮನೆಯಲ್ಲಿ ಕೋಣೆ ಹಿಡಿದ ವಿದ್ಯಾರ್ಥಿ, ಪೆಟ್ಟಿಗೆಯ ಮೇಲೆ ತನ್ನ ಹೆಸರಿಲ್ಲದಿದ್ದರೆ, ಲಕೋಟೆಯಲ್ಲಿ ತನ್ನ ಹೆಸರಿನ ಕೆಳಗೆ 'ಬೈ ಶ್ಮಿಟ್' ಎಂದು ಬರೆಸಿಕೊಳ್ಳಬೇಕು, ಅಂದರೆ ಶ್ಮಿಟ್ ಅವರ ಮನೆಯಲ್ಲಿ. ಈ 'ಬೈ' ಎಲ್ಲಿದ್ದರೂ ಡೇಟಿವ್‌ನಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ.